ತಂಬೋಪಾಟಾ ಕಾಡಿನ ಲಾಡ್ಜ್: ದುಡ್ಡು ಊರಿನವರಿಗೆ ಸೇರುತ್ತದೆಯೇ?

ಪೆರುವಿನ ಅಮೆಜಾನ್ ಕಾಡಿನ ತಂಬೋಪಾಟಾದಲ್ಲಿ ಲಾಡ್ಜ್‌ಗೆ ಕೊಡುವ ದುಡ್ಡು ಅಲ್ಲಿನ ಮೂಲನಿವಾಸಿಗಳಿಗೆ ಸೇರುತ್ತದೆಯೇ ಎಂದು ಕೇಳಿದ್ದೀರಿ. ‘ಇಕೋ’ (ಪರಿಸರಸ್ನೇಹಿ) ಎಂಬ ಹೆಸರನ್ನು ನೋಡಿ ನಂಬಬೇಡಿ. ಬುಕ್ ಮಾಡುವ ಮೊದಲೇ ಇಮೇಲ್‌ನಲ್ಲಿ ಕೇಳಿ: ಜಾಗ ಯಾರದು, ಲಾಭದಲ್ಲಿ ಊರಿನ ಪಾಲೆಷ್ಟು, ಗೈಡ್‌ಗಳಲ್ಲಿ ಊರಿನವರು ಎಷ್ಟು ಮಂದಿ?

ಹೋಲಿಸಿ ನೋಡಲು ಅಲ್ಲಿನ ಪೊಸಾದಾ ಅಮೆಜೊನಾಸ್ ಎಂಬ ಲಾಡ್ಜ್ ಒಳ್ಳೆಯ ಉದಾಹರಣೆ. ಎಸೆ ಎಹಾ ಎಂಬ ಮೂಲನಿವಾಸಿ ಜನರಿರುವ ಇನ್ಫಿಯೆರ್ನೊ ಸಮುದಾಯ ಈ ಲಾಡ್ಜ್‌ಗಾಗಿ 1996ರಲ್ಲಿ ಪ್ರವಾಸ ಕಂಪನಿಯೊಂದರ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಾಗ, ಲಾಭದಲ್ಲಿ ಶೇ. 60 ಊರಿಗೆ, ಶೇ. 40 ಕಂಪನಿಗೆ ಎಂದು ಬರೆಸಿಕೊಂಡಿತು. ‘ಆದಾಯದ ಒಂದಂಶ ಕೊಡುತ್ತೇವೆ’ ಎಂದಷ್ಟೇ ಹೇಳಿ ಅಂಕಿ ಕೊಡದವರನ್ನು ಬಿಟ್ಟುಬಿಡಿ.

‘ಹೊರಜಗತ್ತು ಕಾಣದ ಬುಡಕಟ್ಟು’ ತೋರಿಸುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ಪೆರುವಿನ ಕಾಡಿನಲ್ಲಿ ಹೊರಗಿನವರಿಂದ ದೂರವಿರುವ ಮಾಶ್ಕೊ ಪಿರೊ ಜನರಂಥವರಿಗೆ ನಮ್ಮ ಫ್ಲೂ, ದಡಾರಗಳನ್ನು ತಡೆಯುವ ಶಕ್ತಿ ಇಲ್ಲ. ಒಂದೇ ಭೇಟಿಯಿಂದ ಇಡೀ ಗುಂಪು ಸಾಯಬಹುದು. ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನೆನಪಿಗೆಂದು ಗಿಳಿಗರಿ, ಪ್ರಾಣಿಗಳ ಹಲ್ಲಿನ ಸರ ಕೊಳ್ಳುವುದು ಬೇಡ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ. ಹೆಣೆದ ಬುಟ್ಟಿಯನ್ನು ಹೆಣೆದವರಿಂದಲೇ ಕೊಳ್ಳಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಿಲ್ಲದೆ ಪೆರುವಿನಿಂದ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.