ಸಂಪಾದಕರ ಉತ್ತರ: ಮಲ್ಲಿಗೆಯ ಬರಹ ಯಾರ ಕಣ್ಣಿಗೆ ಬೀಳಬೇಕು?

ಕಟಪಾಡಿಯ ಓದುಗರೊಬ್ಬರ ಪತ್ರ ಬಂದಿದೆ. ಅವರು ಮಲ್ಲಿಗೆ ಬೆಳೆಗಾರರು. ಹೈವ್ ಎಂಬ ಬ್ಲಾಕ್‌ಚೈನ್ (ಒಬ್ಬರ ಹತೋಟಿಯಲ್ಲಿರದೆ ಹಲವು ಕಂಪ್ಯೂಟರ್‌ಗಳಲ್ಲಿ ಉಳಿಯುವ, ಅಳಿಸಲಾಗದ ದಾಖಲೆ) ಜಾಲತಾಣದಲ್ಲಿ ತಮ್ಮ ಕೃಷಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಾರೆ. ಓದುವವರು ಸಿಗುತ್ತಿಲ್ಲ. ಯಾವುದಾದರೂ ಕೃಷಿ ಕಮ್ಯುನಿಟಿಗೆ (ಒಂದೇ ವಿಷಯದ ಬಗ್ಗೆ ಬರೆಯುವವರ ಗುಂಪು) ಸೇರಿ, ಸಂಭಾವನೆ ಸಿಗುತ್ತದೆ ಎಂದು ಗೆಳೆಯರು ಹೇಳಿದ್ದಾರೆ. ಅವರ ಪ್ರಶ್ನೆ ಹೀಗಿದೆ: "ಯಜಮಾನರೇ ಇಲ್ಲದ ಜಾಗ ಅಂತ ನಂಬಿ ಹೋದೆ. ಅಲ್ಲೂ ವಿಷಯಕ್ಕೊಂದು ಗುಂಪು, ಗುಂಪಿಗೊಬ್ಬ ಯಜಮಾನ. ಇದರಿಂದ ಏನಾದರೂ ಲಾಭ ಇದೆಯಾ? ಇಲ್ಲ, ಇರುವ ನಾಲ್ಕು ಜನರನ್ನೂ ಬೇರೆ ಬೇರೆ ಕೋಣೆಗೆ ಹಾಕಿದ ಹಾಗಾ?"

ನಮಸ್ಕಾರ. ನಿಮ್ಮ ಪ್ರಶ್ನೆ ತುಂಬ ಹಿಡಿಸಿತು. ಲಾಭ ಇದೆ, ಜಾಸ್ತಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ನಿಮ್ಮ ಗೆಳೆಯರು ಹೇಳುವ ಲಾಭ ಅಲ್ಲ.

ಉಳಿದ ಓದುಗರಿಗಾಗಿ ಎರಡು ಮಾತು. 2016ರಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್ ಶುರುವಾಯಿತು. ಬರೆದದ್ದು ಚೈನ್‌ನಲ್ಲಿ ಉಳಿಯುತ್ತದೆ. ಓದಿದವರು ಮತ ಹಾಕುತ್ತಾರೆ. ಅದರ ಮೇಲೆ ಟೋಕನ್ (ಮಾರಬಹುದಾದ ಡಿಜಿಟಲ್ ನಾಣ್ಯ) ರೂಪದಲ್ಲಿ ಸಂಭಾವನೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಅದರಿಂದ ಬೇರೆಯಾಗಿ ಬಂದದ್ದೇ ಹೈವ್. ಇಲ್ಲಿ ಎಲ್ಲರ ಮತಕ್ಕೂ ಒಂದೇ ತೂಕ ಇಲ್ಲ. ಯಾರು ಹೆಚ್ಚು ಟೋಕನ್ ಲಾಕ್ ಮಾಡಿ ಇಟ್ಟಿದ್ದಾರೋ ಅವರ ಮತಕ್ಕೆ ಹೆಚ್ಚು ತೂಕ.

ತೊಂದರೆ ಹುಟ್ಟುವುದು ಅಲ್ಲೇ. ಟೋಕನ್ ಇದ್ದವರಿಗೆ ಮಲ್ಲಿಗೆ ಗೊತ್ತಿರಬೇಕು ಅಂತೇನೂ ಇಲ್ಲ ಅಲ್ವಾ? ಶಂಕರಪುರದ ಮಲ್ಲಿಗೆ ಕಟ್ಟೆಯನ್ನು (ಹೂ ಮಾರುವ ಜಾಗ) ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅಲ್ಲಿ ಅಟ್ಟೆಗೆ (ಕಟ್ಟಿದ ಹೂವಿನ ಅಳತೆ) ಆ ದಿನದ ದರ ನಿಲ್ಲುವುದು ಹೂವಿನ ಆವಕ, ಬೇಡಿಕೆ ಎರಡನ್ನೂ ಬಲ್ಲವರ ನಡುವೆ. ದಾರಿಯಲ್ಲಿ ಹೋಗುವ ಹಣವಂತರೊಬ್ಬರು ಬಂದು ದರ ಹೇಳಿದರೆ ಯಾರೂ ಒಪ್ಪುವುದಿಲ್ಲ. ಆದರೆ ಸ್ಟೀಮ್‌ನ ಮೊದಲ ವರ್ಷಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ. ಆಗ ಬರಹಗಳನ್ನು ವಿಂಗಡಿಸಲು ಟ್ಯಾಗ್ (ವಿಷಯ ಸೂಚಿಸುವ ಪದ) ಮಾತ್ರ ಇತ್ತು. ಯಾರು ಬೇಕಾದರೂ ಯಾವ ಟ್ಯಾಗ್ ಬೇಕಾದರೂ ಹಾಕಬಹುದಿತ್ತು. ತೋಟಗಾರಿಕೆಯ ಟ್ಯಾಗ್ ಒತ್ತಿದರೆ ತೋಟಕ್ಕೆ ಸಂಬಂಧವೇ ಇಲ್ಲದ ಬರಹಗಳು ಸಿಗುತ್ತಿದ್ದವು. ಹಣ ಕೊಟ್ಟರೆ ಮತ ಹಾಕುವ ಬಾಟ್‌ಗಳೂ (ತಾವಾಗಿ ಕೆಲಸ ಮಾಡುವ ಪ್ರೋಗ್ರಾಂಗಳು) ಬಂದವು. ಮೊದಲ ಪುಟದಲ್ಲಿ ಕಾಣುವುದು ಒಳ್ಳೆಯ ಬರಹವೋ, ಕೊಂಡ ಮತವೋ ಎಂದು ತಿಳಿಯದ ಹಾಗಾಯಿತು.

ಕಮ್ಯುನಿಟಿಗಳು ಬಂದದ್ದು ಇದೆಲ್ಲ ಆದ ಮೇಲೆ. ಅವು ಚೈನ್‌ನ ಮೂಲ ನಿಯಮದ ಭಾಗ ಅಲ್ಲ. ಹೈವ್‌ಮೈಂಡ್ ಎಂಬ ಇನ್ನೊಂದು ಪದರದಲ್ಲಿ ನಡೆಯುತ್ತವೆ. ನಿಮ್ಮ ಯಜಮಾನರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಮ್ಯುನಿಟಿ ನಡೆಸುವವರು ಒಂದು ಬರಹವನ್ನು ಮೇಲೆ ಪಿನ್ ಮಾಡಬಹುದು. ಸಂಬಂಧವಿಲ್ಲದ್ದನ್ನು ಮ್ಯೂಟ್ ಮಾಡಿ ಮರೆಗೆ ಸರಿಸಬಹುದು. ಆದರೆ ಅಳಿಸಲು ಆಗುವುದಿಲ್ಲ. ಬರಹ ನಿಮ್ಮ ಖಾತೆಯಲ್ಲಿ, ಚೈನ್‌ನಲ್ಲಿ ಹಾಗೆಯೇ ಇರುತ್ತದೆ. ಅವರು ಸರಿಯಿಲ್ಲ ಅನ್ನಿಸಿದರೆ ಸಣ್ಣ ಶುಲ್ಕ ಕಟ್ಟಿ ನೀವೇ ಇನ್ನೊಂದು ಕಮ್ಯುನಿಟಿ ತೆರೆಯಬಹುದು. ಹಾಗಾಗಿ ಅವರನ್ನು ಯಜಮಾನರು ಎಂದು ಕರೆಯಲು ನನಗೆ ಮನಸ್ಸಿಲ್ಲ. ದಿನಾ ಬಂದು ಕಸ ಗುಡಿಸಿ, ಹೊಸಬರನ್ನು ಮಾತಾಡಿಸುವ ಕೆಲಸ ಅವರದು. ಅದಕ್ಕೆಂದು ಚೈನ್ ಪ್ರತ್ಯೇಕ ಸಂಬಳ ಕೊಡುವುದಿಲ್ಲ. ಅವರ ಶ್ರಮಕ್ಕೆ ಇನ್ನಷ್ಟು ಬೆಲೆ ಸಿಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಯಾರೋ ಭಟ್ಕಳ ಮಲ್ಲಿಗೆಯ ಫೋಟೋ ಹಾಕಿ, ಇದು ನಮ್ಮ ತೋಟದ ಶಂಕರಪುರ ಮಲ್ಲಿಗೆ ಎಂದು ಬರೆದರು ಅನ್ನಿ. ದೂರದ ದೇಶದಲ್ಲಿ ಕೂತು ಮತ ಹಾಕುವವರಿಗೆ ಎರಡೂ ಬಿಳಿ ಹೂವೇ. ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮಂಥ ಹತ್ತು ಜನ ಒಂದೇ ಕಡೆ ಸೇರಿದ್ದರೆ ಆ ಬರಹ ಅಲ್ಲಿ ನಿಲ್ಲುವುದಿಲ್ಲ. ಅದೇ ರೀತಿ, ಗೆಲ್ಲು (ಕೊಂಬೆ) ಕತ್ತರಿಸುವ ಬಗ್ಗೆ ಒಬ್ಬರು ಸರಿಯಾಗಿ ಬರೆದರೆ, ಕೆಳಗೆ "ನಮ್ಮ ಮಣ್ಣಿನಲ್ಲಿ ಹೀಗಾಯಿತು" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಬ್ಲಾಕ್‌ಚೈನ್ ಬರೆದದ್ದನ್ನು ಕಾಪಾಡುತ್ತದೆ, ಯಾರು ಯಾವಾಗ ಬರೆದರು ಎಂದು ಹೇಳುತ್ತದೆ. ಬರೆದದ್ದು ಸರಿಯೇ ಎಂದು ಹೇಳಲು ವಿಷಯ ಬಲ್ಲ ಜನರೇ ಬೇಕು. ನಾನು ಹೇಳಿದ ಲಾಭ ಇದೇ.

ಇನ್ನೊಂದು ವಿಷಯ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೈವ್‌ನಲ್ಲಿ ಒಂದು ಬರಹಕ್ಕೆ ಸಂಭಾವನೆ ಲೆಕ್ಕವಾಗುವುದು 7 ದಿನಗಳ ಮತದ ಮೇಲೆ. ಆಮೇಲೆ ಆ ಬರಹದ ಗಳಿಕೆ ಮುಗಿಯಿತು. ಸುದ್ದಿಗೆ ಅಷ್ಟು ಸಾಕು. ಕೃಷಿಗೆ ಎಲ್ಲಿ ಸಾಲುತ್ತದೆ? ನೀವು ಈಗ ಬರೆದದ್ದು ಇನ್ನೊಬ್ಬರಿಗೆ ಬೇಕಾಗುವುದು ಮುಂದಿನ ಮಳೆಗಾಲದಲ್ಲಿ, ಎಲೆ ಹಳದಿಯಾಗಿ ಮೊಗ್ಗು ನಿಂತಾಗ. ಅಷ್ಟರಲ್ಲಿ ಅದು ಸಾಮಾನ್ಯ ಪಟ್ಟಿಯಲ್ಲಿ ಎಷ್ಟೋ ಕೆಳಗೆ ಹೋಗಿರುತ್ತದೆ. ಒಂದು ಕೃಷಿ ಕಮ್ಯುನಿಟಿಯಲ್ಲಿ ಇದ್ದರೆ ಹುಡುಕಿ ತೆಗೆಯಬಹುದು, "ಇದನ್ನು ಓದಿ" ಎಂದು ತೋರಿಸುವವರೂ ಇರುತ್ತಾರೆ.

ಹಾಗಂತ ಎಲ್ಲವೂ ಸರಿಯಾಗಿದೆ ಎನ್ನಲಾರೆ. ಮತದ ತೂಕ ಕಮ್ಯುನಿಟಿಯ ಕೈಯಲ್ಲಿಲ್ಲ. ಹೊರಗಿನ ದೊಡ್ಡ ಖಾತೆಯೊಂದು ಯಾವ ಗುಂಪಿನ ಕಡೆ ತಿರುಗುತ್ತದೋ ಅಲ್ಲಿಗೆ ಜನ ಓಡುತ್ತಾರೆ. ಹೂವಿನ ಮೇಲೆ ಪ್ರೀತಿ ಇಲ್ಲದವರೂ ಹೂವಿನ ಬಗ್ಗೆ ಬರೆಯತೊಡಗುತ್ತಾರೆ. ಆ ಮತ ನಿಂತ ದಿನ ಹೊರಟುಹೋಗುತ್ತಾರೆ. ಟೋಕನ್ ಸಿಗುತ್ತದೆ ಎಂದು ಕಮ್ಯುನಿಟಿ ಸೇರಿ ಎನ್ನುವ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ. 2020ರಲ್ಲಿ ಹೈವ್ ಬೇರೆಯಾದಾಗ ಕೋಡ್, ಖಾತೆಗಳು, ಹಳೆಯ ಬರಹಗಳು ಎಲ್ಲವೂ ನಕಲಾಗಿ ಬಂದವು. ಒಬ್ಬರನ್ನೊಬ್ಬರು ಬಲ್ಲ ಜನ ಮಾತ್ರ ತಾವೇ ಮನಸ್ಸು ಮಾಡಿ ಬರಬೇಕಾಯಿತು.

ಇರುವ ನಾಲ್ಕು ಜನರನ್ನೂ ಚೂರು ಮಾಡುವ ಬಗ್ಗೆ ನಿಮ್ಮ ಭಯ ನ್ಯಾಯವಾದದ್ದು. ಇಂಗ್ಲಿಷ್‌ನಲ್ಲಿ ಓದುವವರ ಸಂಖ್ಯೆ ದೊಡ್ಡದು. ಅವರು ಗುಲಾಬಿಗೊಂದು, ಆರ್ಕಿಡ್‌ಗೊಂದು ಗುಂಪು ಮಾಡಿದರೂ ನಡೆದೀತು. ಕನ್ನಡದಲ್ಲಿ ಮಲ್ಲಿಗೆಗೇ ಪ್ರತ್ಯೇಕ ಗುಂಪು ತೆರೆದರೆ ನೀವು ಒಬ್ಬರೇ ಕೂರಬೇಕಾಗುತ್ತದೆ. ಕನ್ನಡದ ಕೃಷಿಗೆ ಒಂದೇ ಕಮ್ಯುನಿಟಿ ಇರಲಿ. ಮಟ್ಟುಗುಳ್ಳ ಬದನೆ ಬೆಳೆಯುವವರು, ಪುತ್ತೂರು ಸುಳ್ಯದ ಅಡಿಕೆಯವರು, ಗದ್ದೆಯವರು ಎಲ್ಲರೂ ಅಲ್ಲೇ ಬರೆಯಲಿ. ಬೆಳೆಯ ಹೆಸರು ಟ್ಯಾಗ್‌ನಲ್ಲಿ ಬರಲಿ. ನಡುವೆ ತುಳುವಿನಲ್ಲಿ, ಕೊಂಕಣಿಯಲ್ಲಿ ಮಾತು ಬಂದರೆ ಮ್ಯೂಟ್ ಮಾಡಬೇಡಿ. ನಮ್ಮ ಕಡೆ ತೋಟದ ಮಾತು ನಡೆಯುವುದೇ ಹಾಗೆ. ಬೇರೆ ಬೆಳೆಯವರ ಬರಹವನ್ನೂ ಓದಿ, ಕೆಳಗೆ ನಾಲ್ಕು ಸಾಲು ಬರೆಯಿರಿ. ಹೊಸ ಗುಂಪು ಉಳಿಯುವುದು ಇಂಥ ಸಾಲುಗಳಿಂದ.

ಒಂದು ಎಚ್ಚರಿಕೆ. ಚೈನ್‌ಗೆ ಹೋದದ್ದನ್ನು ಹಿಂದಕ್ಕೆ ತೆಗೆಯಲು ಆಗದು. ತಿದ್ದಿದರೂ ಹಳೆಯ ಪ್ರತಿ ಉಳಿಯುತ್ತದೆ. ಫೋನ್ ನಂಬರ್, ಮನೆಯ ಮಕ್ಕಳ ವಿವರ, ಹೂ ಕಟ್ಟುವ ಹೆಂಗಸರ ಹೆಸರು ಅವರನ್ನು ಕೇಳದೆ ಹಾಕಬೇಡಿ. ಟೋಕನ್ ಮಾರಿ ಲಾಭ ಬಂದರೆ 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಶೇ. 30 ತೆರಿಗೆ ಇದೆ. ಲೆಕ್ಕ ಇಟ್ಟುಕೊಳ್ಳಿ.

ಗೆಲ್ಲು ಕತ್ತರಿಸುವ ಬಗ್ಗೆ ಬರೆದಿದ್ದೇನೆ ಎಂದಿದ್ದೀರಿ. ಅದರ ಒಂದು ಪ್ರತಿಯನ್ನು ಫೋಟೋ ಸಮೇತ ನಮಗೂ ಕಳಿಸಿ. ಪತ್ರಿಕೆಯಲ್ಲಿ ಹಾಕುತ್ತೇವೆ, ಕಮ್ಯುನಿಟಿ ತೆರೆದಿದ್ದರೆ ಅದರ ಹೆಸರನ್ನೂ ಜೊತೆಗೆ ಕೊಡುತ್ತೇವೆ.

- ಸಂ.