ಪೆರೋಲ್ ಬೋರ್ಡಿಗೆ ಪಕ್ಷದವರು ಬಂದರೆ?

ಪ್ರಶ್ನೆ: ಅಮೆರಿಕದಲ್ಲಿ ಕೈದಿಗಳಿಗೆ ಪೆರೋಲ್ (ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ) ಕೊಡುವ ಬೋರ್ಡಿಗೆ ಗವರ್ನರ್, ಅಂದರೆ ಅಲ್ಲಿ ಚುನಾವಣೆಯಲ್ಲಿ ಗೆದ್ದು ರಾಜ್ಯ ಸರ್ಕಾರ ನಡೆಸುವವರು, ತಮಗೆ ಬೇಕಾದವರನ್ನು, ಮಾಜಿ ಶಾಸಕರನ್ನೂ, ನೇಮಿಸುತ್ತಾರಂತೆ. ಇಂಥದ್ದೇ ಓದಿರಬೇಕು, ಅನುಭವ ಇರಬೇಕು ಅಂತೇನೂ ಇಲ್ವಾ? ಇದನ್ನು ಕೇಳಿದರೆ ‘ರಾಜಕೀಯ ಮಾಡಬೇಡಿ’ ಅನ್ನುತ್ತಾರೆ.

ಉತ್ತರ: ಅನ್ನಲಿ ಬಿಡಿ. ಒಬ್ಬ ಮನುಷ್ಯ ಮನೆಗೆ ಹೋಗಬೇಕೋ, ಇನ್ನೂ ವರ್ಷಗಟ್ಟಲೆ ಒಳಗಿರಬೇಕೋ ಅಂತ ತೀರ್ಮಾನಿಸುವ ಜಾಗ ಅದು. ಅಲ್ಲಿ ಕೂರುವವರ ಯೋಗ್ಯತೆ ಕೇಳದೆ ಇನ್ನೆಲ್ಲಿ ಕೇಳುವುದು?

ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನ್ಯೂಯಾರ್ಕ್‌ನಲ್ಲಿ ಗವರ್ನರ್ ಸೂಚಿಸಿದವರನ್ನು ರಾಜ್ಯದ ಸೆನೆಟ್ (ಶಾಸಕಾಂಗದ ಮೇಲ್ಮನೆ) ಒಪ್ಪಬೇಕು. ಅವಧಿ 6 ವರ್ಷ. ಕಾಲೇಜು ಪದವಿ ಬೇಕು, ಜೊತೆಗೆ ಪೊಲೀಸ್, ಕಾನೂನು, ಜೈಲು ಆಡಳಿತ, ಮನಶ್ಶಾಸ್ತ್ರ, ವೈದ್ಯಕೀಯ ಇಂಥ ಯಾವುದಾದರೂ ಕ್ಷೇತ್ರದಲ್ಲಿ ಕನಿಷ್ಠ 5 ವರ್ಷ ಕೆಲಸ ಮಾಡಿರಬೇಕು. ಕೇಳಲು ಚೆನ್ನಾಗಿದೆ. ಆದರೆ ಪಟ್ಟಿ ಎಷ್ಟು ಅಗಲ ಇದೆ ಅಂದರೆ, ಪಕ್ಷಕ್ಕೆ ಬೇಕಾದ ವಕೀಲರೊಬ್ಬರನ್ನು ಅದರೊಳಗೆ ತೂರಿಸುವುದು ಕಷ್ಟವೇನಲ್ಲ.

ಮಿಸೌರಿಯ ಕಥೆ ಕೇಳಿ. ಅಲ್ಲಿನ ಬೋರ್ಡಿನ ಸದಸ್ಯರೊಬ್ಬರು, ಹಿಂದೆ ಶಾಸಕರಾಗಿದ್ದವರು, ಸಿಬ್ಬಂದಿಯೊಬ್ಬರನ್ನು ಜೊತೆ ಮಾಡಿಕೊಂಡು ಕೈದಿಗಳ ವಿಚಾರಣೆ ನಡೆಯುವಾಗಲೇ ಆಟ ಆಡುತ್ತಿದ್ದರು: ಪ್ಲಾಟಿಪಸ್ (ಒಂದು ಪ್ರಾಣಿ) ಥರದ ಸಂಬಂಧವೇ ಇಲ್ಲದ ಪದವನ್ನೋ ಹಾಡಿನ ಹೆಸರನ್ನೋ ಮಾತಿನ ನಡುವೆ ಸೇರಿಸಿದರೆ ಪಾಯಿಂಟ್, ಕೈದಿಯ ಬಾಯಿಂದಲೇ ಅದನ್ನು ಹೇಳಿಸಿದರೆ ಇನ್ನೂ ಜಾಸ್ತಿ ಪಾಯಿಂಟ್. ಇದರ ಬಗ್ಗೆ ನಡೆದ ತನಿಖೆಯ ವರದಿ ತಿಂಗಳುಗಟ್ಟಲೆ ಸುಮ್ನೆ ಒಳಗೇ ಇತ್ತು. 2017ರಲ್ಲಿ ಕೈದಿಗಳ ಪರ ಹೋರಾಡುವ ವಕೀಲರು ಅದನ್ನು ಹೊರಗೆ ತಂದ ಮೇಲೆ ಆ ಸದಸ್ಯರು ರಾಜೀನಾಮೆ ಕೊಟ್ಟರು.

ಶಾಸಕರಾಗಿದ್ದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪದವಿ, ಪಕ್ಷ ಎರಡನ್ನೂ ಬಿಟ್ಟು ಕೇಳಬೇಕಾದ್ದು ಬೇರೆ ಇದೆ. ಒಂದು ಫೈಲ್ ಓದಲು ಎಷ್ಟು ಹೊತ್ತು ಕೊಡುತ್ತೀರಿ? ಬಿಟ್ಟರೆ ಮತ್ತೆ ಅಪರಾಧ ಮಾಡುವ ಅಪಾಯವನ್ನು ಅಂದಾಜು ಮಾಡಲು ತರಬೇತಿ ಆಗಿದೆಯಾ? ನೇಮಿಸಿದವರ ಚುನಾವಣೆಗೆ ದುಡ್ಡು ಕೊಟ್ಟಿದ್ದೀರಾ? ಪೇಪರಿನಲ್ಲಿ ಗದ್ದಲ ಎದ್ದ ಕೇಸಿನಲ್ಲಿ ಗವರ್ನರ್‌ಗೆ ಇಷ್ಟವಿಲ್ಲದ ತೀರ್ಮಾನ ಕೊಡುತ್ತೀರಾ? ಕೊನೆಯದೇ ಕಷ್ಟದ್ದು, ಯಾಕಂದರೆ ಮತ್ತೊಂದು ಅವಧಿ ಸಿಗಬೇಕಾದರೂ ಗವರ್ನರ್ ಹತ್ತಿರವೇ ಹೋಗಬೇಕಲ್ಲ.

ಪ್ರಶ್ನೆ: ನ್ಯಾಯಾಧೀಶರು, ಮನೋವೈದ್ಯರನ್ನೇ ಕೂರಿಸಿದರೆ ಸಮಸ್ಯೆ ಮುಗಿಯಿತು ಅಲ್ವಾ?

ಉತ್ತರ: ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೋರ್ಡಿನಲ್ಲಿ ಅವರೂ ಇದ್ದಾರೆ. ಆದರೂ ಟ್ಯಾಕ್ಸಿ ಓಡಿಸುತ್ತಿದ್ದ ಜಾನ್ ವಾರ್ಬಾಯ್ಸ್ ಎಂಬ ಲೈಂಗಿಕ ಅಪರಾಧಿಯನ್ನು ಬಿಡುವ ತೀರ್ಮಾನವನ್ನು 2018ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಶಿಕ್ಷೆಯಾದ ಕೇಸುಗಳ ಆಚೆಗಿನ ಆರೋಪಗಳನ್ನು ಬೋರ್ಡ್ ಸರಿಯಾಗಿ ವಿಚಾರಿಸಿಯೇ ಇರಲಿಲ್ಲ. ಆಮೇಲೆ ನಡೆದದ್ದು ನೋಡಿ: ಸಚಿವರ ಒತ್ತಡಕ್ಕೆ ಬೋರ್ಡಿನ ಅಧ್ಯಕ್ಷರು ಹುದ್ದೆ ಬಿಟ್ಟರು, ಆ ತೀರ್ಮಾನ ಕೊಟ್ಟವರ ಪೈಕಿ ಅವರು ಇರಲೇ ಇಲ್ಲ! ಹಾಗಾಗಿ ಯಾರು ನೇಮಿಸುತ್ತಾರೆ ಅಂತ ಕೇಳುವಾಗಲೇ, ಯಾರು ಯಾವ ಕಾರಣಕ್ಕೆ ತೆಗೆಯಬಹುದು ಅಂತಲೂ ಕೇಳಿ.