ಹೊಗೆಸೊಪ್ಪಿನ ಹದ, ನಾಲಿಗೆಯ ರುಚಿ

ಕಳೆದ ತಿಂಗಳು ಈ ಅಂಕಣದಲ್ಲಿ ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕು ಅನ್ನೋ ಪ್ರಶ್ನೆಗೆ ಉತ್ತರ ಬರೆಯುತ್ತಾ, ಪೈಪಿನ ತಂಬಾಕಿನಲ್ಲೂ ಇಂಥದೇ ಬೆರಕೆಯ ಲೆಕ್ಕ ಇದೆ, ನಾನು ಇಪ್ಪತ್ತೆರಡು ವರ್ಷ ಪೈಪು ಸೇದಿದವನು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಚಿಕೋರಿ ಬಗ್ಗೆ ಯಾರೂ ಕೇಳಿಲ್ಲ! ಸರಿ, ಈ ಸಲ ಪೂರ್ತಿ ಹೊಗೆಯೇ ಆಗಲಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ನಾನು ಈಗ ಸೇದುವುದಿಲ್ಲ. ಯಾಕೆ ಅನ್ನೋದು ಕೆಳಗೆ ಒಂದು ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ತಂಬಾಕಿನ ಡಬ್ಬಿಗಳ ಮೇಲೆ ವರ್ಜೀನಿಯಾ, ಬರ್ಲಿ, ಲಟಾಕಿಯಾ, ಪೆರೀಕ್ ಅಂತೆಲ್ಲ ಬರೆದಿರುತ್ತಾರೆ. ಇವೆಲ್ಲ ಬೇರೆ ಬೇರೆ ಗಿಡಗಳಾ ಸರ್? ರುಚಿ ನಿಜವಾಗಲೂ ಬೇರೆ ಇರುತ್ತಾ, ಇಲ್ಲ ಸುಮ್ನೆ ಹೆಸರಾ? – ಧಾರವಾಡದ ಓದುಗರು

ಉತ್ತರ: ಗಿಡದ ಜಾತಿ ಒಂದೇ. ತಳಿ ಬೇರೆ ಇರಬಹುದು, ಮಣ್ಣು ಬೇರೆ ಇರಬಹುದು, ಆದರೆ ನನ್ನ ಲೆಕ್ಕದಲ್ಲಿ ರುಚಿಯ ಮುಕ್ಕಾಲು ಪಾಲು ನಿರ್ಧಾರ ಆಗೋದು ಎಲೆ ಮುರಿದ ಮೇಲೆ ಅದನ್ನು ಹೇಗೆ ಒಣಗಿಸಿದರು ಅನ್ನೋದರಲ್ಲಿ. ಒಂದೇ ಮಾವಿನಕಾಯಿ ಮಿಡಿ ಉಪ್ಪಿನಕಾಯಿಯೂ ಆಗುತ್ತದೆ, ಹಣ್ಣಾದರೆ ಮಾಂಬಳವೂ ಆಗುತ್ತದೆ ಅಲ್ವಾ, ಹಾಗೆ.

ವರ್ಜೀನಿಯಾ ನೋಡಬೇಕು ಅಂದ್ರೆ ನೀವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬಸ್ಸಲ್ಲಿ ಹೋದರೆ ಹೊಲದ ನಡುವೆ ಕಿಟಕಿಯೇ ಇಲ್ಲದ ಎತ್ತರದ ಕೋಣೆಗಳು ಕಾಣುತ್ತವೆ. ಅವೇ ಬ್ಯಾರನ್‌ಗಳು. ಸ್ನೇಹಿತನ ಮನೆಯ ಬ್ಯಾರನ್ ಎದುರು ನಾನು ಒಂದು ರಾತ್ರಿ ಪೂರ್ತಿ ಕೂತಿದ್ದೇನೆ. ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆ ಒಳಗೆ ಸಾಲು ಸಾಲಾಗಿ ನೇತಾಡುತ್ತದೆ, ಹೊರಗೆ ಒಲೆಗೆ ಸೌದೆ ಹಾಕುತ್ತಾರೆ, ಬಿಸಿ ಮಾತ್ರ ದಪ್ಪ ಕೊಳವೆಯೊಳಗೆ ಹಾದುಹೋಗಿ ಕೋಣೆಯನ್ನು ಕಾಯಿಸುತ್ತದೆ. ಹೊಗೆ ಎಲೆಗೆ ತಾಗುವುದೇ ಇಲ್ಲ. ಮೊದಲೆರಡು ದಿನ ಸುಮಾರು 35 ಡಿಗ್ರಿ, ಅಷ್ಟೇ. ಎಲೆಗೆ ಇನ್ನೂ ಜೀವ ಇರುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹಸಿರು ಹೋಗಿ ಹಳದಿ ಬರುತ್ತದೆ. ಆಗ ಬಿಸಿ ಏರಿಸಿ ಆ ಬದಲಾವಣೆಯನ್ನು ಅಲ್ಲಿಗೇ ನಿಲ್ಲಿಸಿಬಿಡಬೇಕು. ಕೊನೆಗೆ ನಡುದಂಟು ಒಣಗೋಕೆ 70 ಡಿಗ್ರಿ ಮುಟ್ಟುತ್ತದೆ. ಸ್ವಲ್ಪ ಮೊದಲೇ ಏರಿಸಿದರೆ ಎಲೆ ಹಸಿರಾಗೇ ಉಳಿಯುತ್ತದೆ, ತಡ ಮಾಡಿದರೆ ಕಪ್ಪಾಗುತ್ತದೆ. ಸ್ನೇಹಿತನ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಸಂದಿಯಲ್ಲಿ ಮೂಗಿಟ್ಟು ಮೂಸಿ, "ಇನ್ನೊಂದು ಗಳಿಗೆ ಬಿಡು" ಅಂದು ಮತ್ತೆ ಮಲಗಿದರು. ಥರ್ಮಾಮೀಟರ್ ಪಕ್ಕದಲ್ಲೇ ನೇತಾಡುತ್ತಿತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೀಗೆ ಸಕ್ಕರೆ ಎಲೆಯಲ್ಲೇ ಉಳಿಯೋದರಿಂದ ವರ್ಜೀನಿಯಾ ಸಿಹಿ. ಒಣಹುಲ್ಲು, ನಿಂಬೆ ಸಿಪ್ಪೆ, ಹಳತಾದರೆ ಹಳೇ ಬೆಲ್ಲ.

ಬರ್ಲಿಯದು ಇದಕ್ಕೆ ಪೂರಾ ಉಲ್ಟಾ. ಗಾಳಿಯಾಡುವ ಕೊಟ್ಟಿಗೆಯಲ್ಲಿ ತಿಂಗಳು, ಎರಡು ತಿಂಗಳು ಸುಮ್ಮನೆ ನೇತುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತಾ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಹಾಗಾಗಿ ಸಿಹಿ ಇಲ್ಲ, ಹುರಿದ ಕಡಲೆಕಾಯಿ ಸಿಪ್ಪೆಯ ರುಚಿ, ಸ್ವಲ್ಪ ಕೋಕೋ. ನಿಕೋಟಿನ್ ಜಾಸ್ತಿ.

ಲಟಾಕಿಯಾದ ಕಥೆ ಹೊಗೆಯದು. ಹೆಸರು ಸಿರಿಯಾದ ಬಂದರಿನದು, ಡಬ್ಬಿಗಳಲ್ಲಿ ಮಾತ್ರ ಬಹಳ ಕಾಲದಿಂದ ಸೈಪ್ರಸ್ ಅಂತಲೇ ಇರುತ್ತದೆ. ಬಿಸಿಲಲ್ಲಿ ಒಣಗಿದ ಎಲೆಯನ್ನು ಪರಿಮಳದ ಕಟ್ಟಿಗೆ, ಸೊಪ್ಪುಸದೆಯ ಹೊಗೆಯಲ್ಲಿ ವಾರಗಟ್ಟಲೆ ಕಟ್ಟಿಡುತ್ತಾರೆ, ಎಲೆ ಕಾಡಿಗೆಯಷ್ಟು ಕಪ್ಪಾಗುತ್ತದೆ. ಮೊದಲ ಸಲ ಡಬ್ಬಿ ತೆಗೆದಾಗ ನನಗೆ ನೆನಪಾದದ್ದು ಶಿರಸಿ ಕಡೆಯ ಅಜ್ಜಿ ಮನೆಯ ಅಟ್ಟ, ಅಲ್ಲಿ ಹೊಗೆ ಕುಡಿದು ಕಪ್ಪಾದ ಉಪ್ಪಾಗೆ ಸಿಪ್ಪೆ. ನನ್ನ ಹೆಂಡತಿಗೆ ನೆನಪಾದದ್ದು ಬೇರೆ. "ಏನ್ರೀ, ಟೈರ್ ಸುಡ್ತಿದ್ದೀರಾ?" ಅಂದಳು.

ಪೆರೀಕ್ ಬೆಳೆಯೋದು ಅಮೆರಿಕದ ಲೂಸಿಯಾನಾದಲ್ಲಿ, ಮಿಸಿಸಿಪಿ ನದಿ ದಡದ ಸೇಂಟ್ ಜೇಮ್ಸ್ ಅನ್ನೋ ಸಣ್ಣ ಜಾಗದಲ್ಲಿ. ಎಲೆಯನ್ನು ಹಳೇ ವಿಸ್ಕಿ ಪೀಪಾಯಿಗೆ ತುಂಬಿ, ಮೇಲಿಂದ ಜ್ಯಾಕ್ ಹಾಕಿ ಒತ್ತಿ, ಅದರ ರಸದಲ್ಲೇ ಅದು ಕೊಳೆಯೋಕೆ ಬಿಡುತ್ತಾರೆ. ನಡುನಡುವೆ ತೆಗೆದು ಗಾಳಿಗೆ ಹರಡಿ ಮತ್ತೆ ಒತ್ತುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷದ ಕೆಲಸ. ಮೂಸಿದರೆ ಅಂಜೂರದ ಹಣ್ಣು, ಮೂಗಿನಿಂದ ಹೊಗೆ ಬಿಟ್ಟರೆ ಕಾಳುಮೆಣಸು. ಇದನ್ನು ಇಂಗಿನ ಹಾಗೆ ಬಳಸಬೇಕು, ಚಿಟಿಕೆ. ನಾನು ಒಂದು ಸಲ ಹುಮ್ಮಸ್ಸಿನಲ್ಲಿ ಅದೊಂದನ್ನೇ ತುಂಬಿ ಸೇದಿ, ಅರ್ಧ ಗಂಟೆ ನೆಲದ ಮೇಲೆ ಅಂಗಾತ ಮಲಗಿದ್ದೆ.

ಪ್ರಶ್ನೆ: ವೈನ್ ರುಚಿ ನೋಡುವವರ ಹಾಗೆ ಪೈಪಿನವರೂ "ಇದರಲ್ಲಿ ಒಣದ್ರಾಕ್ಷಿ ಇದೆ, ಚರ್ಮದ ವಾಸನೆ ಇದೆ" ಅಂತಾರೆ. ನನ್ನ ಸ್ನೇಹಿತನ ಪೈಪಿನಲ್ಲಿ ಎರಡು ದಮ್ಮು ಎಳೆದೆ, ನಾಲಿಗೆ ಸುಟ್ಟಿತು ಅಷ್ಟೇ. ನನ್ನ ನಾಲಿಗೆ ದೋಷವಾ? – ಬೆಂಗಳೂರಿನ ಓದುಗರು

ಉತ್ತರ: ನಾಲಿಗೆ ಸರಿಯಾಗೇ ಇದೆ, ನೀವು ಸಿಗರೇಟಿನ ಹಾಗೆ ಎಳೆದಿದ್ದೀರಿ. ಜೋರಾಗಿ ಎಳೆದರೆ ಬೆಂಕಿ ಏರುತ್ತದೆ, ಹೊಗೆಯಲ್ಲಿ ಬಿಸಿ ಹಬೆ ಬರುತ್ತದೆ, ಆಮೇಲೆ ಯಾವ ಡಬ್ಬಿಯಾದರೂ ಬಿಸಿನೀರಿನ ರುಚಿಯೇ. ಅದರಲ್ಲೂ ವರ್ಜೀನಿಯಾ ತಪ್ಪು ಕ್ಷಮಿಸುವುದಿಲ್ಲ.

ರುಚಿ ನೋಡುವವರು ಮೊದಲು ಸೇದೋದಿಲ್ಲ, ಮೂಸ್ತಾರೆ. ಡಬ್ಬಿ ತೆಗೆದ ತಕ್ಷಣ ಒಂದು ಸಲ, ಚೂರು ತಟ್ಟೆಗೆ ಹರಡಿ ಇಪ್ಪತ್ತು ನಿಮಿಷ ಆರಿದ ಮೇಲೆ ಇನ್ನೊಂದು ಸಲ. ಡಬ್ಬಿಯಿಂದ ನೇರ ತೆಗೆದ ತಂಬಾಕು ಸಾಮಾನ್ಯವಾಗಿ ತೇವ ಜಾಸ್ತಿ. ಬೆರಳಲ್ಲಿ ಹಿಚುಕಿದರೆ ಮುದ್ದೆ ಕಟ್ಟಬಾರದು, ಪುಡಿಯೂ ಆಗಬಾರದು. ಆಮೇಲೆ ತುಂಬೋದು. ಇಂಗ್ಲಿಷಿನವರ ಹಳೇ ಮಾತೊಂದಿದೆ: ಮೊದಲ ಚಿಟಿಕೆಯನ್ನು ಮಗುವಿನ ಕೈಯಲ್ಲಿ ಒತ್ತು, ಎರಡನೆಯದನ್ನು ಹೆಂಗಸಿನ ಕೈಯಲ್ಲಿ, ಮೂರನೆಯದನ್ನು ಗಂಡಸಿನ ಕೈಯಲ್ಲಿ. (ನಮ್ಮೂರ ಹೆಂಗಸರ ಕೈಬಲ ನೋಡಿದವರ ಮಾತಲ್ಲ ಅದು, ಇರಲಿ.) ಕಡ್ಡಿ ಗೀರುವ ಮೊದಲು ಖಾಲಿ ಎಳೆದು ನೋಡಿ, ಎಳನೀರನ್ನು ಸ್ಟ್ರಾದಲ್ಲಿ ಎಳೆದಷ್ಟೇ ತಡೆ ಇರಬೇಕು.

ಮೊದಲ ಸಲ ಹಚ್ಚಿದಾಗ ತಂಬಾಕು ಉಬ್ಬಿ ಮೇಲೆ ಬರುತ್ತದೆ, ಅದನ್ನು ಮೆತ್ತಗೆ ಒತ್ತಿ ಎರಡನೇ ಸಲ ಹಚ್ಚಬೇಕು. ಇಲ್ಲಿಂದ ಮುಂದೆ ಉಸಿರಾಡಿದ ಹಾಗೆ. ಪೈಪಿನ ಒಂದು ಬಟ್ಟಲು ತಂಬಾಕು ಮುಕ್ಕಾಲು ಗಂಟೆ ಬರಬೇಕು. ನಡುವೆ ಆರಿದರೆ ಆರಲಿ, ಮತ್ತೆ ಹಚ್ಚಿದರಾಯಿತು, ಅದೇನು ಮರ್ಯಾದೆ ಪ್ರಶ್ನೆ ಅಲ್ಲ. ಹೊಗೆ ಎದೆಗೆ ಇಳಿಸುವುದಿಲ್ಲ, ಬಾಯಲ್ಲಿ ಹೊರಳಿಸಿ ಸ್ವಲ್ಪವನ್ನು ಮೂಗಿನಿಂದ ಬಿಡುತ್ತಾರೆ. ಒಣದ್ರಾಕ್ಷಿ, ಚರ್ಮ ಎಲ್ಲ ಗೊತ್ತಾಗೋದು ಅಲ್ಲಿ, ನಾಲಿಗೆಯಲ್ಲಲ್ಲ. ನೆಗಡಿಯಾದಾಗ ಸಾರಿಗೆ ರುಚಿಯೇ ಇರೋದಿಲ್ಲ ಅಲ್ವಾ? ಇದೂ ಅದೇ.

ಪ್ರಶ್ನೆ: ನಮ್ಮ ಪಕ್ಕದ ಮನೆ ತಾತ ವರಾಂಡದಲ್ಲಿ ಪೈಪು ಹಚ್ಚಿದರೆ ಬೀದಿಯೆಲ್ಲ ವೆನಿಲ್ಲಾ ಕೇಕಿನ ಘಮ. ಅವರಿಗೂ ಬಾಯಲ್ಲಿ ಕೇಕಿನ ರುಚಿಯೇ ಬರುತ್ತಾ? – ನ್ಯೂಜೆರ್ಸಿಯ ಓದುಗರು

ಉತ್ತರ: ಪಾಪ, ಬರೋದಿಲ್ಲ! ಕೇಕು ನಿಮಗೆ, ಅವರ ಬಾಯಿಗೆ ಬೆಚ್ಚಗಿನ ಸಪ್ಪೆ ಹೊಗೆ. ಇಂಥವುಗಳಲ್ಲಿ ಹಬೆಯಲ್ಲಿ ಬೇಯಿಸಿ ಒತ್ತಿದ ಕ್ಯಾವೆಂಡಿಶ್, ಜೊತೆಗೆ ಬರ್ಲಿ ಇರುತ್ತದೆ. ಬರ್ಲಿಗೆ ತನ್ನ ಸಿಹಿ ಇಲ್ಲವಲ್ಲ, ಜಾಮೂನು ಪಾಕ ಹೀರಿದ ಹಾಗೆ ಹಾಕಿದ ಸಿರಪ್ಪನ್ನೆಲ್ಲ ಹೀರುತ್ತದೆ. ವೆನಿಲ್ಲಾ, ಚೆರ್ರಿ, ರಮ್, ವಿಸ್ಕಿ. ಅಂಗಡಿಯಲ್ಲಿ ಹೊಸಬರು ಮೂಸಿ ಮರುಳಾಗಿ ಕೊಳ್ಳೋದು ಇದನ್ನೇ. ಹೊಗೆಯಲ್ಲಿ ಎಲೆಯ ರುಚಿ ಹುಡುಕುವವರು ಕೊನೆಗೆ ಬರೀ ಎಲೆಯ ಬೆರಕೆಗೇ ಬರ್ತಾರೆ. ವರ್ಜೀನಿಯಾಕ್ಕೆ ಚಿಟಿಕೆ ಪೆರೀಕ್, ಇಲ್ಲವೇ ವರ್ಜೀನಿಯಾ, ಟರ್ಕಿ ಕಡೆಯ ಸಣ್ಣೆಲೆಯ ಓರಿಯೆಂಟಲ್, ಲಟಾಕಿಯಾ ಮೂರೂ ಸೇರಿದ ಇಂಗ್ಲಿಷ್ ಬೆರಕೆ. ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮೇಲು, ಬರೀ ವರ್ಜೀನಿಯಾವನ್ನು ಒತ್ತಿ ಬಿಲ್ಲೆ ಮಾಡಿ ತೆಳ್ಳಗೆ ಸೀಳಿದ ಫ್ಲೇಕ್. ಇಂಗ್ಲೆಂಡಿನ ಕೆಂಡಾಲ್ ಅನ್ನೋ ಪುಟ್ಟ ಊರಲ್ಲಿ 1792ರಲ್ಲಿ ಶುರುವಾದ ಸ್ಯಾಮ್ಯುಯೆಲ್ ಗಾವಿತ್ ಹೆಸರಿನ ಫ್ಲೇಕ್ ಬಿಚ್ಚಿದರೆ ಕಬ್ಬಿನ ಗಾಣದ ಪಕ್ಕ ನಿಂತ ಹಾಗಿರುತ್ತದೆ.

ಪ್ರಶ್ನೆ: ನಮ್ಮ ತಂದೆ ಕಾಲದಿಂದ ಹೊಗೆಸೊಪ್ಪು ಬೆಳೀತಿದ್ದೀವಿ. ಬ್ಯಾರನ್‌ನಿಂದ ತೆಗೆದ ಒಳ್ಳೇ ಹಳದಿ ಎಲೆಯನ್ನೇ ಪುಡಿ ಮಾಡಿ ಪೈಪಿಗೆ ಹಾಕಬಹುದಾ? ಅಷ್ಟು ದೂರದ ಡಬ್ಬಿಗೆ ಯಾಕೆ ದುಡ್ಡು? – ಹುಣಸೂರಿನ ಓದುಗರು

ಉತ್ತರ: ಹಾಕಬಹುದು ಸ್ವಾಮಿ, ನಾನೇ ಹಾಕಿ ನೋಡಿದ್ದೇನೆ. ಗಂಟಲು ಕೆರೆದು ಕೈಯಲ್ಲಿ ಕೊಟ್ಟಿತು. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ ಅಂತ ಹಳೇ ಅಕ್ಕಿ ಹುಡುಕ್ತೀವಲ್ಲ, ಎಲೆಗೂ ಹಾಗೇ ಹಳತಾಗೋ ಕಾಲ ಬೇಕು. ವರ್ಷ, ಎರಡು ವರ್ಷ ಸುಮ್ಮನೆ ಇಟ್ಟರೆ ಹಸಿ ಘಾಟು ಇಳಿದು ಬಣ್ಣ ಗಾಢವಾಗುತ್ತದೆ. ಪೈಪಿನವರು ಅದನ್ನು ಒತ್ತಿ, ಬಿಸಿ ಕೊಟ್ಟು ಇನ್ನಷ್ಟು ಮಾಗಿಸುತ್ತಾರೆ. ಎಲೆ ಯಾವ ಎತ್ತರದ್ದು ಅನ್ನೋದೂ ಮುಖ್ಯ, ಅದು ನಿಮಗೇ ಚೆನ್ನಾಗಿ ಗೊತ್ತು: ಬುಡದ ಎಲೆ ತೆಳು, ಬೇಗ ಉರಿಯುತ್ತದೆ, ತುದಿಯದು ದಪ್ಪ, ಖಾರ.

ನಿಮ್ಮ ಎಲೆ ಬಹುಪಾಲು ಸಿಗರೇಟಿನ ಬೆರಕೆಗೇ ಹೋಗುತ್ತದೆ. ಹರಾಜು ಕಟ್ಟೆಯಲ್ಲಿ ನಿಮ್ಮ ಎಲೆಯ ಮೂಟೆಗೆ ದರ್ಜೆ ಹಾಕುವವರು ನೋಡೋದೂ ಬಣ್ಣ, ಕಲೆ, ಮೈ, ತೇವ. ಯಾರೂ ಹಚ್ಚಿ ರುಚಿ ನೋಡಿ ಬೆಲೆ ಕೂಗೋದಿಲ್ಲ. ಕಾಫಿಗೆ ಕಪ್ಪಿನಲ್ಲಿ ಸುರಿದು ಹೀರಿ ಬೆಲೆ ಕಟ್ಟುವವರಿದ್ದಾರೆ, ನಿಮ್ಮ ಬೆಳೆಗೆ ಆ ಭಾಗ್ಯ ಹೊಲದಿಂದ ಬಹಳ ದೂರ ಹೋದ ಮೇಲೆ. ನನಗಂತೂ ಇದು ವಿಚಿತ್ರ ಅನ್ನಿಸುತ್ತದೆ.

ಪ್ರಶ್ನೆ: ಬೀಡಿ ತಂಬಾಕನ್ನು ಪೈಪಿಗೆ ಹಾಕಿದರೆ? – ನಿಪ್ಪಾಣಿಯ ಓದುಗರು

ಉತ್ತರ: ಕೆಮ್ಮು.

ಪ್ರಶ್ನೆ: ನನಗೆ 19. ಯಾವ ಬೆರಕೆಯಿಂದ ಶುರು ಮಾಡಲಿ? – ಮಂಗಳೂರಿನ ವಿದ್ಯಾರ್ಥಿ

ಉತ್ತರ: ಕಾಫಿ ಮತ್ತು ಚಿಕೋರಿ. ನಮ್ಮ ರಾಜ್ಯದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವಂತೆಯೇ ಇಲ್ಲಪ್ಪ. ಮುಂದಿನ ಉತ್ತರವನ್ನೂ ಓದು.

ಪ್ರಶ್ನೆ: ಪೈಪಿನ ಹೊಗೆ ಎದೆಗೆ ಎಳೆಯೋದಿಲ್ಲ, ಹಾಗಾಗಿ ಹಾನಿ ಇಲ್ಲ ಅಂತಾರೆ ನಮ್ಮ ಯಜಮಾನರು. ಹೌದಾ? – ಶಿವಮೊಗ್ಗದ ಓದುಗರು

ಉತ್ತರ: ಇಪ್ಪತ್ತೆರಡು ವರ್ಷ ನಾನೂ ಇದೇ ಮಾತು ಹೇಳಿದವನು ತಾಯಿ. ಆರು ವರ್ಷದ ಹಿಂದೆ ಹಲ್ಲು ನೋವು ಅಂತ ಡಾಕ್ಟರ್ ಹತ್ತಿರ ಹೋದೆ. ಅವರು ಹಲ್ಲು ಬಿಟ್ಟು ಕನ್ನಡಿ ಹಿಡಿದು ನನ್ನ ಬಾಯಿಯ ಮೇಲ್ಛಾವಣಿ ತೋರಿಸಿದರು. ಇಡೀ ಅಂಗುಳ ಬೆಳ್ಳಗೆ, ಒಣಗಿದ ಕೆರೆಯ ಹಾಗೆ ಬಿರುಕು, ನಡುನಡುವೆ ಕೆಂಪು ಚುಕ್ಕಿ. "ಪೈಪು ಸೇದ್ತೀರಾ?" ಅಂತ ಕೇಳಿದರು, ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ, ಅಂದ್ರೆ ಮಾತಾಡೋಕೆ. ಬಿಸಿ ಹೊಗೆ ನೇರವಾಗಿ ಅಂಗುಳಕ್ಕೆ ಬಡಿಯೋದರಿಂದ ಪೈಪಿನವರಲ್ಲಿ ಇದು ಮಾಮೂಲಂತೆ. ನನ್ನದು ಬಿಟ್ಟ ಮೇಲೆ ಕೆಲವು ವಾರದಲ್ಲಿ ಸರಿಹೋಯಿತು. ಎಲ್ಲರದೂ ಹಾಗೆ ಸರಿಹೋಗುವಂಥದ್ದೇ ಆಗಿರುವುದಿಲ್ಲ. ತುಟಿ, ನಾಲಿಗೆ, ಗಂಟಲು, ಅನ್ನನಾಳದ ಕ್ಯಾನ್ಸರ್ ಪೈಪಿಗೂ ಇದೆ, ಶ್ವಾಸಕೋಶದ್ದೂ ಇದೆ, ಎದೆಗೆ ಎಳೆಯದಿದ್ದರೂ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಚಟ ಹಿಡಿಯೋಕೆ ಅಷ್ಟು ಸಾಕು. ನಿಮ್ಮ ಯಜಮಾನರಿಗೆ ಕನ್ನಡಿ, ಟಾರ್ಚು ಎರಡೂ ಕೊಟ್ಟು ಅಂಗುಳ ನೋಡಿಕೊಳ್ಳೋಕೆ ಹೇಳಿ. ಬಿಳಿ ಕಂಡರೆ ವಾದ ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನನ್ನ ಹತ್ತಿರ ಈಗ ನಾಲ್ಕು ಡಬ್ಬಿ ಉಳಿದಿವೆ. ಭಾನುವಾರ ಒಂದರ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿಡ್ತೀನಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಒಂದು ಮರದ ಪೈಪು ಸಿಕ್ಕಿದೆ. ನಾನು ಸೇದುವವಳಲ್ಲ, ಶೋಕೇಸಲ್ಲಿ ಇಡೋಣ ಅಂತ. ಬಾಯಿಗಿಡೋ ತುದಿ ಹಳದಿ ಹಸಿರಾಗಿದೆ, ಒಳಗೆ ಕರಿ ಕಟ್ಟಿದೆ, ಮೂಗಿನ ಹತ್ತಿರ ಹಿಡಿದರೆ ಇನ್ನೂ ಅಜ್ಜನ ವಾಸನೆ. ಶುಚಿ ಮಾಡೋದು ಹೇಗೆ? – ಸಾಗರದ ಓದುಗರು

ಉತ್ತರ: ಅದು ಬಹುಶಃ ಬ್ರಯರ್, ಮೆಡಿಟರೇನಿಯನ್ ಕಡೆಯ ಪೊದೆಯೊಂದರ ಬುಡದ ಗಂಟು. ಬೆಂಕಿ ತಡೆಯುತ್ತದೆ ಅಂತ ಅದನ್ನೇ ಆರಿಸಿಕೊಂಡರು. ಕತ್ತಿನ ಪಕ್ಕ ಸಣ್ಣ ಅಕ್ಷರದಲ್ಲಿ ಏನಾದರೂ ಒತ್ತಿದ್ದಾರಾ ನೋಡಿ, ಉಜ್ಜುವಾಗ ಅದನ್ನು ಅಳಿಸಬೇಡಿ. ತುದಿಯನ್ನು ನಿಧಾನವಾಗಿ ತಿರುಗಿಸಿ ಬಿಚ್ಚಿ, ಎಳೆಯಬೇಡಿ. ಹಳದಿ ತಿರುಗಿದ್ದರೆ ಅದು ಎಬೊನೈಟ್ ರಬ್ಬರ್, ಬೆಳಕಿಗೆ ಹಾಗಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಾಳ್ಮೆಯಿಂದ ಉಜ್ಜಿದರೆ ಕಪ್ಪು ವಾಪಸ್ ಬರುತ್ತದೆ. ಕೊಳವೆಗೆ ಸ್ವಲ್ಪ ರಮ್ಮಿನಲ್ಲಿ ಅದ್ದಿದ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ಹಾಯಿಸಿ, ಬೆಳ್ಳಗೆ ಬರೋವರೆಗೆ. ನೀರಲ್ಲಿ ನೆನೆಸೋದು ಬೇಡ.

ಇನ್ನು ಬಟ್ಟಲು. ಅದರೊಳಗಿನ ವಾಸನೆ ತೆಗೆಯೋಕೆ ಹತ್ತಿ ತುಂಬಿ, ಮೇಲೆ ರಮ್ ಹನಿಸಿ ರಾತ್ರಿಯಿಡೀ ಬಿಡ್ತಾರೆ, ಬೆಳಗ್ಗೆ ಹತ್ತಿ ಕಂದಾಗಿರುತ್ತದೆ, ಹಳೇ ತಂಬಾಕೆಲ್ಲ ಅದಕ್ಕೆ ಇಳಿದಿರುತ್ತದೆ. ಹೊಸ ಬೆರಕೆ ಸೇದುವವರಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಹಿಂದಿನ ಲಟಾಕಿಯಾ ತಿಂಗಳುಗಟ್ಟಲೆ ನಡುವೆ ಬಾಯಿ ಹಾಕುತ್ತಲೇ ಇರುತ್ತದೆ. ನೀವು ಸೇದುವವರಲ್ಲ, ಅಜ್ಜನ ವಾಸನೆ ಬೇರೆ ಇದೆ ಅಂತೀರಿ. ಹತ್ತಿ ಹಾಕಬೇಡಿ. ಸಡಿಲವಾದ ಬೂದಿ ಮಾತ್ರ ತಟ್ಟಿ, ಕರಿ ಹಾಗೇ ಬಿಡಿ.